ಪುಟ್ಟ ಮಕ್ಕಳ ತರಗತಿಯಲ್ಲಿ ಅಡುಗೆ: ಪೋಷಣೆಯ ಪಾಠ ಕೈಗೆ ಸಿಗಬೇಕಾದರೆ

ಐದು ವರ್ಷದ ಮಗುವಿಗೆ ಪಿಷ್ಟ ಸಕ್ಕರೆಯಾಗುತ್ತದೆ ಎಂದರೆ ಅದು ಪಿಳಿಪಿಳಿ ಕಣ್ಣು ಬಿಡುತ್ತದೆ, ಅಷ್ಟೇ. ಅದೇ ಮಗುವಿಗೆ ಹೆಬ್ಬೆರಳಿನ ಉಗುರಿನಷ್ಟು ಸಪ್ಪೆ ಬ್ರೆಡ್ಡಿನ ಚೂರು ಕೊಟ್ಟು, ನುಂಗದೆ ಒಂದು ನಿಮಿಷ ಜಗಿಯುತ್ತಲೇ ಇರಲು ಹೇಳಿ ನೋಡಿ. ಮೊದಲು ಸಪ್ಪೆ, ಆಮೇಲೆ ಅಂಟಂಟು, ನಲವತ್ತು ಸಲ ಜಗಿಯುವ ಹೊತ್ತಿಗೆ ನಾಲಿಗೆಯ ಮೇಲೆ ಸಣ್ಣಗೆ ಸಿಹಿ. “ಸಕ್ಕರೆ ಯಾರು ಹಾಕಿದ್ದು?” ಎಂದು ಕೇಳಿದ ಕೂಡಲೇ ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಇದು ಶಿಕ್ಷಕರಿಗೆ ಗೊತ್ತಿದ್ದರೆ ಸಾಕು. ಮಗುವಿಗೆ ಬೇಕಾದದ್ದು ಇಷ್ಟೇ: “ನಿನ್ನ ಜೊಲ್ಲು ಬ್ರೆಡ್ಡನ್ನು ಚೂರುಚೂರು ಮಾಡಿತು, ಒಳಗಿದ್ದ ಸಿಹಿ ಹೊರಗೆ ಬಂತು. ಆಟವಾಡಲು ಶಕ್ತಿ ಬರುವುದು ಅದರಿಂದಲೇ.”

ಸಿಹಿ ಗೊತ್ತಾಗಲಿಲ್ಲ ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಬ್ರೆಡ್ಡಿಗೇ ಸಕ್ಕರೆ ಬಿದ್ದಿರುತ್ತದೆ, ಮಗು ಸ್ವಲ್ಪ ಮುಂಚೆ ಸಿಹಿ ತಿಂದಿರುತ್ತದೆ, ಇಲ್ಲವೇ ಹತ್ತು ಸಲ ಜಗಿದು ನುಂಗಿಬಿಟ್ಟಿರುತ್ತದೆ. ಸಕ್ಕರೆ ಹಾಕದ ಬ್ರೆಡ್ ಹುಡುಕಿ ತನ್ನಿ, ಮೊದಲು ಬಾಯಿ ಮುಕ್ಕಳಿಸಲು ಹೇಳಿ, ಎಲ್ಲರೂ ಒಟ್ಟಿಗೆ ಬೆರಳು ಮಡಚುತ್ತಾ ಎಣಿಸಲಿ.

ತರಗತಿಯ ಅಡುಗೆ ಇಷ್ಟು ಚಿಕ್ಕದಾಗಿ ಶುರುವಾದರೆ ಒಳ್ಳೆಯದು. ಅಡುಗೆ ಮಾಡಿಸಿದ ಮಾತ್ರಕ್ಕೆ ಮಕ್ಕಳು ಪೋಷಣೆಯ ಬಗ್ಗೆ ಕಲಿತುಬಿಡುವುದಿಲ್ಲ. ಬಿಸ್ಕತ್ತಿಗೆ ಕಣ್ಣು ಮೂಗು ಅಂಟಿಸಿ ಮನೆಗೆ ಕಳುಹಿಸಿದರೆ ಆ ದಿನ ಖುಷಿಯಾಗಿ ಕಳೆಯುತ್ತದೆ, ಪಾಠ ಆಗಿರುವುದಿಲ್ಲ. ಪ್ರತಿ ತರಗತಿಗೂ ಒಂದು ಪ್ರಶ್ನೆ ಇರಬೇಕು, ಒಂದೇ ಒಂದು. ಅದರ ಉತ್ತರ ಶಿಕ್ಷಕರ ಬಾಯಿಂದಲ್ಲ, ಮಗುವಿನ ಕೈಯಿಂದಲೋ ನಾಲಿಗೆಯಿಂದಲೋ ಬರಬೇಕು. ಯಾವ ತಿನಿಸು ಎಂಬುದು ಆಮೇಲಿನ ಮಾತು.

ಪ್ರಶ್ನೆ ಮೊದಲು, ತಿನಿಸು ಆಮೇಲೆ

ವಿಟಮಿನ್, ಪ್ರೊಟೀನ್, ಖನಿಜ ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ. ಮೂರರಿಂದ ಏಳು ವರ್ಷದ ಮಗು ಕಣ್ಣಿಗೆ ಕಾಣದ್ದನ್ನು ಹೆಸರಿನ ಮೇಲೆ ನಂಬುವುದೂ ಇಲ್ಲ, ನೆನಪಿಡುವುದೂ ಇಲ್ಲ. ಹಾಗಾಗಿ ಕಾಣದ್ದು ಹೇಗಾದರೂ ಕಾಣುವಂಥ ಪ್ರಶ್ನೆಯನ್ನೇ ಆರಿಸಬೇಕು. ಹಾಗೆ ಒದಗಿಬರುವ ಪ್ರಶ್ನೆಗಳು ಹಲವು ಇವೆ.

ಸೌತೆಕಾಯಿಯೊಳಗೆ ಎಷ್ಟು ನೀರಿದೆ? ಸುಮಾರು 200 ಗ್ರಾಂ ಸೌತೆಕಾಯಿ ತುರಿದು, ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಹದಿನೈದು ನಿಮಿಷ ಬಿಟ್ಟು, ತೆಳುಬಟ್ಟೆಯಲ್ಲಿ ಕಟ್ಟಿ ಹಿಂಡಿಸಿ. ಲೋಟದ ತಳದಲ್ಲಿ ನೀರು ತುಂಬುತ್ತಾ ಬರುವಾಗ ಮಕ್ಕಳ ಮುಖ ನೋಡಬೇಕು. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ. ಉಪ್ಪು ಅದನ್ನು ಜೀವಕೋಶಗಳಿಂದ ಹೊರಗೆಳೆಯುತ್ತದೆ. ಉಪ್ಪು ಹಾಕದ ಇನ್ನೊಂದು ಬಟ್ಟಲನ್ನು ಪಕ್ಕದಲ್ಲೇ ಇಡಿ, ಹೋಲಿಸಲು ಏನೂ ಇಲ್ಲದಿದ್ದರೆ ಮಕ್ಕಳಿಗೆ ಉಪ್ಪಿನ ಕೆಲಸ ಗೊತ್ತಾಗುವುದಿಲ್ಲ. ಹಿಂಡಿದ ತುರಿ ಉಪ್ಪುಪ್ಪಾಗಿರುತ್ತದೆ. ತಿನ್ನಲು ಕೊಡಬೇಡಿ, ತಿನ್ನುವುದಕ್ಕೆ ಉಪ್ಪಿಲ್ಲದ ಬಟ್ಟಲು ಇದೆಯಲ್ಲ.

ಕ್ಯಾರೆಟ್ಟಿನ ಬಣ್ಣ ಯಾವುದಕ್ಕೆ ಹತ್ತುತ್ತದೆ? ಒಂದು ಪುಟ್ಟ ಪಾತ್ರೆಯಲ್ಲಿ ನೀರು, ಇನ್ನೊಂದರಲ್ಲಿ ಎರಡು ಚಮಚ ಎಣ್ಣೆ, ಎರಡಕ್ಕೂ ಒಂದೊಂದು ಚಮಚ ಕ್ಯಾರೆಟ್ ತುರಿ. ದೊಡ್ಡವರು ಎರಡನ್ನೂ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತೋರಿಸಲಿ. ನೀರಿಗೆ ಬಣ್ಣ ಇಳಿಯುವುದು ಅಷ್ಟಕ್ಕಷ್ಟೇ, ಎಣ್ಣೆ ಮಾತ್ರ ಕಿತ್ತಳೆಯಾಗುತ್ತದೆ. ಆ ಬಣ್ಣ ಬೀಟಾ ಕ್ಯಾರೊಟಿನ್. ದೇಹ ಅದರಿಂದಲೇ ವಿಟಮಿನ್ ‘ಎ’ ಮಾಡಿಕೊಳ್ಳುತ್ತದೆ, ಆದರೆ ಅದು ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ತರಕಾರಿಗೆ ಒಂದಿಷ್ಟು ಎಣ್ಣೆ ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ಸಿಗುವುದು ಕಷ್ಟ.

ಯಾವುದರಲ್ಲಿ ಜಿಡ್ಡಿದೆ? ಬಿಳಿ ಕಾಗದದ ಮೇಲೆ ಬೆಣ್ಣೆ, ಬಾಳೆಹಣ್ಣು, ಸೌತೆಕಾಯಿ, ಬ್ರೆಡ್ ಒಂದೊಂದನ್ನು ಉಜ್ಜಿ, ಸುತ್ತ ಗೆರೆ ಎಳೆದು ಅರ್ಧ ಗಂಟೆ ಒಣಗಲು ಬಿಡಿ. ನೀರಿನ ಕಲೆ ಆರಿಹೋಗುತ್ತದೆ. ಜಿಡ್ಡಿನ ಕಲೆ ಉಳಿಯುತ್ತದೆ, ಕಾಗದವನ್ನು ಕಿಟಕಿಗೆ ಹಿಡಿದರೆ ಅಲ್ಲಿ ಬೆಳಕು ಹಾಯುತ್ತದೆ. ಆತುರಪಟ್ಟು ಒದ್ದೆಯಿರುವಾಗಲೇ ನೋಡಿದರೆ ಸೌತೆಕಾಯಿಯಲ್ಲೂ ಜಿಡ್ಡಿದೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ.

ಕೆನೆಯಿಂದ ಬೆಣ್ಣೆ

ಕೊಬ್ಬು ಅಂದರೆ ಏನು ಎಂದು ಕೈಗೇ ತಿಳಿಸುವ ಅಡುಗೆ ಇದು. ಒಲೆ ಬೇಡ, ಚಾಕು ಬೇಡ. ಬೇಕಾದದ್ದು 250 ಮಿಲಿಲೀಟರ್ ಪಾಶ್ಚರೀಕರಿಸಿದ ಕೆನೆ, ಬಿಗಿ ಮುಚ್ಚಳದ ಒಂದು ಲೀಟರ್ ಪ್ಲಾಸ್ಟಿಕ್ ಡಬ್ಬಿ. ಗಾಜಿನದು ಬೇಡ, ಕೈಜಾರಿ ಬೀಳುವುದು ಖಂಡಿತ. ಕೆನೆಯಲ್ಲಿ ಕೊಬ್ಬು ನೂರಕ್ಕೆ 35ರ ಆಸುಪಾಸು ಇರಬೇಕು. ಕಡಿಮೆ ಕೊಬ್ಬಿನ ಕೆನೆಯನ್ನು ಗಂಟೆಗಟ್ಟಲೆ ಕುಲುಕಿದರೂ ಕೈನೋವೇ ಲಾಭ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಲುಕಿದರೆ ತುಂಬಾ ಹೊತ್ತು ಹಿಡಿಯುತ್ತದೆ. ಬೆಚ್ಚಗಾದ ಕೆನೆಯಿಂದ ಬರುವುದು ಮುದ್ದೆ ಕಟ್ಟದ ಎಣ್ಣೆಯಂಥ ಬೆಣ್ಣೆ. ಹೊರಗೆ ತೆಗೆದು ಇಪ್ಪತ್ತು–ಮೂವತ್ತು ನಿಮಿಷ ಇಟ್ಟರೆ ಹದಕ್ಕೆ ಬರುತ್ತದೆ. ಡಬ್ಬಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಒಳಗೆ ಅಪ್ಪಳಿಸಲು ಜಾಗ ಬೇಕು.

ಮಕ್ಕಳು ವೃತ್ತವಾಗಿ ಕುಳಿತು ಒಬ್ಬೊಬ್ಬರು ಇಪ್ಪತ್ತು ಸಲ ಕುಲುಕಿ ಮುಂದಿನವರಿಗೆ ಕೊಡಲಿ. ಇಲ್ಲಿ ಕಿವಿಗೇ ಕೆಲಸ. ಮೊದಲು ಗಳಗಳ ಸದ್ದು. ಸ್ವಲ್ಪ ಹೊತ್ತಿಗೆ ಸದ್ದೇ ನಿಂತುಹೋಗುತ್ತದೆ, ಡಬ್ಬಿಯ ಗೋಡೆಗೆಲ್ಲ ನೊರೆ ಮೆತ್ತಿಕೊಂಡು ಒಳಗೆ ಏನೂ ಅಲುಗಾಡದಂತೆ ಅನಿಸುತ್ತದೆ. ಕೆಟ್ಟುಹೋಯಿತು ಎಂದು ಬಹಳ ಜನ ಕೈಬಿಡುವುದು ಇದೇ ಘಟ್ಟದಲ್ಲಿ. ಬಿಡಬಾರದು. ಇನ್ನೂ ಕುಲುಕುತ್ತಿದ್ದರೆ ಒಂದು ಗಳಿಗೆಯಲ್ಲಿ ‘ದಪ್’ ಎಂದು ಮುದ್ದೆ ಬಿದ್ದ ಸದ್ದು, ಅದರ ಹಿಂದೆಯೇ ಮತ್ತೆ ನೀರಿನ ಗಳಗಳ. ಎಲ್ಲ ಸೇರಿ ಹತ್ತು–ಹದಿನೈದು ನಿಮಿಷ. ಕೆನೆಯಲ್ಲಿ ಕೊಬ್ಬು ಸಣ್ಣ ಸಣ್ಣ ಗೋಲಿಗಳಾಗಿ, ಪ್ರತಿಯೊಂದೂ ತೆಳುವಾದ ಪೊರೆ ಹೊದ್ದು ತೇಲುತ್ತಿರುತ್ತದೆ. ಕುಲುಕಿದಾಗ ಪೊರೆ ಹರಿದು ಗೋಲಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಉಳಿದದ್ದು ತೆಳು ಮಜ್ಜಿಗೆ.

ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು ಬ್ರೆಡ್ಡಿಗೆ ತೆಳ್ಳಗೆ ಸವರಿ ಕೊಡಿ. ಆಗ ಕೈಬೆರಳು ಉಜ್ಜಿ ನೋಡಲು ಹೇಳಿ: ನೀರಿನಲ್ಲಿ ತೊಳೆದರೂ ಹೋಗದ ಈ ಜಾರುವಿಕೆಯೇ ಜಿಡ್ಡು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿ, ಅಷ್ಟೇ ತೂಕದ ಪಿಷ್ಟ ಅಥವಾ ಪ್ರೊಟೀನಿನಲ್ಲಿ 4. ಮಗುವಿನ ಮಾತಿನಲ್ಲಿ ಇದು “ಸ್ವಲ್ಪದರಲ್ಲೇ ಬಹಳ ಉರುವಲು. ಅದಕ್ಕೇ ತೆಳ್ಳಗೆ ಸವರಿದರೆ ಸಾಕು.”

ಕಾಳಿನೊಳಗೆ ಏನಿದೆ? ಮೂರು ದಿನದ ಪಾಠ

ಒಂದೇ ಅಡುಗೆ ಮಾಡಿಸಲು ಸಾಧ್ಯ ಎನ್ನುವವರು ಮೊಳಕೆಕಾಳನ್ನೇ ಆರಿಸಿಕೊಳ್ಳಲಿ. ಗಿಡ ಬೆಳೆಯಲು ಬೇಕಾದ ಊಟವನ್ನು ಕಾಳು ತನ್ನೊಳಗೇ ಕಟ್ಟಿಕೊಂಡು ಬಂದಿರುತ್ತದೆ, ನಾವು ತಿನ್ನುವುದು ಆ ಬುತ್ತಿಯನ್ನೇ. ಪ್ರೊಟೀನ್ ಮತ್ತು ಪಿಷ್ಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇಪ್ಪತ್ತು ಮಕ್ಕಳಿಗೆ 250 ಗ್ರಾಂ ಹೆಸರುಕಾಳು ಸಾಕು, ಮೊಳೆತಾಗ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಮೊದಲ ದಿನ ಮಕ್ಕಳೇ ಕಲ್ಲು, ಒಡೆದ ಕಾಳು ಆರಿಸಿ, ತೊಳೆದು, ಮೂರು ಪಟ್ಟು ನೀರಿನಲ್ಲಿ ನೆನೆಹಾಕಲಿ. ಎಂಟು ಗಂಟೆಯ ಮೇಲೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜರಡಿಯ ಮೇಲಿಡಬೇಕು. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ತೊಳೆದು ಬಸಿಯಬೇಕು. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನಕ್ಕೆ ಬಿಳಿ ಬಾಲ ಹೊರಡುತ್ತದೆ, ಚಳಿಯಿದ್ದರೆ ಇನ್ನರ್ಧ ದಿನ ಬೇಕು.

ಕೆಡುವುದು ಹೀಗೆ. ನೀರು ಪೂರ್ತಿ ಬಸಿಯದಿದ್ದರೆ ತಳದ ಕಾಳು ಉಸಿರುಕಟ್ಟಿ ಹುಳಿವಾಸನೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ಅದೇ ಗತಿ. ಮುಟ್ಟಿದರೆ ಲೋಳೆಲೋಳೆ ಅನಿಸಿದರೆ ಮರುಮಾತಿಲ್ಲದೆ ಎಸೆಯಿರಿ, ಎಸೆದದ್ದೇಕೆ ಎಂದು ಮಕ್ಕಳಿಗೆ ಹೇಳಿ, ಅದೂ ಪಾಠವೇ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಎಷ್ಟು ನೆನೆದರೂ ಉಬ್ಬದ ಕೆಲವು ಕಾಳುಗಳು ಕಲ್ಲಿನಂತೆ ಉಳಿದಿರುತ್ತವೆ, ಬೆಂದರೂ ಮೆತ್ತಗಾಗುವುದಿಲ್ಲ, ಹಾಲುಹಲ್ಲಿಗೆ ಅಪಾಯ. ನೆನೆದ ಕಾಳನ್ನು ತಟ್ಟೆಯಲ್ಲಿ ಹರಡಿದರೆ ಅವು ಚಿಕ್ಕದಾಗಿ, ಹೊಳೆಯುತ್ತಾ ತಾವೇ ಕಾಣುತ್ತವೆ. ಹುಡುಕಿ ತೆಗೆಯುವ ಕೆಲಸವನ್ನು ನಾಲ್ಕು ವರ್ಷದವರಿಗೆ ಕೊಡಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಮೂರನೇ ದಿನ ಅಡುಗೆ. ಮೊಳಕೆಕಾಳನ್ನು ಹಸಿಯಾಗಿ ಕೊಡಬೇಡಿ. ಮೊಳಕೆಗೆ ಬೇಕಾದ ತೇವ, ಬೆಚ್ಚನೆಯೇ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳಿಗೂ ಹಿತ, ಐದು ವರ್ಷದೊಳಗಿನವರಿಗೆ ಅವು ದೊಡ್ಡವರಿಗಿಂತ ಹೆಚ್ಚು ತೊಂದರೆ ಕೊಡುತ್ತವೆ. ದೊಡ್ಡವರು ಆರೇಳು ನಿಮಿಷ, ಪೂರ್ತಿ ಬಿಸಿಯಾಗಿ ಮೆತ್ತಗಾಗುವವರೆಗೆ ಹಬೆಯಲ್ಲಿ ಬೇಯಿಸಿ ಆರಲು ಬಿಡಲಿ. ಅದಕ್ಕೆ ಮೂರು ಕ್ಯಾರೆಟ್ಟಿನ ತುರಿ, ಎರಡು ಸೌತೆಕಾಯಿಯ ಸಣ್ಣ ಹೋಳು, ಎರಡು ನಿಂಬೆಹಣ್ಣಿನ ರಸ, ನಾಲ್ಕು ಚಹಾ ಚಮಚ ಎಣ್ಣೆ, ಒಂದು ಮಟ್ಟಸ ಚಹಾ ಚಮಚ ಉಪ್ಪು. ಉಪ್ಪು ಕೊನೆಯಲ್ಲಿ. ಮೊದಲೇ ಹಾಕಿದರೆ ಏನಾಗುತ್ತದೆಂದು ಸೌತೆಕಾಯಿಯ ಪಾಠ ಆಗಿರುವ ಮಕ್ಕಳು ತಾವೇ ಹೇಳುತ್ತಾರೆ. ನಿಂಬೆರಸ ಬರೀ ರುಚಿಗಲ್ಲ. ಕಾಳಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹಿಡಿಯುವುದಿಲ್ಲ, ಅದೇ ತುತ್ತಿನಲ್ಲಿ ವಿಟಮಿನ್ ‘ಸಿ’ ಇದ್ದರೆ ಹೆಚ್ಚು ಹಿಡಿಯುತ್ತದೆ. ಮೂರು ವರ್ಷದವರಿಗೆ ಕೊಡುವಾಗ ಕಾಳನ್ನು ಚಮಚದ ಹಿಂಬದಿಯಿಂದ ಸ್ವಲ್ಪ ಅರೆದು ಕೊಡಿ.

ಅಳತೆಯ ವಿಷಯದಲ್ಲಿ ಒಂದು ಎಚ್ಚರ. ಚಹಾ ಚಮಚ ಎಂದರೆ 5 ಮಿಲಿಲೀಟರ್, ಊಟದ ದೊಡ್ಡ ಅಳತೆ ಚಮಚ 15. ಮಕ್ಕಳು ಚಮಚವನ್ನು ಗೋಪುರದ ಹಾಗೆ ತುಂಬುತ್ತಾರೆ, ಆಗ ಉಪ್ಪು ಎರಡು ಪಟ್ಟಾಗುತ್ತದೆ. ಚಮಚದ ಮೇಲೆ ಐಸ್‌ಕ್ರೀಮ್ ಕಡ್ಡಿ ಎಳೆದು ಮಟ್ಟ ಮಾಡುವುದನ್ನು ಕಲಿಸಿ, ಆ ಕೆಲಸಕ್ಕೆ ಜಗಳವಾಡುವಷ್ಟು ಇಷ್ಟಪಡುತ್ತಾರೆ. ಉಪ್ಪನ್ನು ಮಾತ್ರ ನೇರವಾಗಿ ಪಾತ್ರೆಗಲ್ಲ, ಮೊದಲು ಪುಟ್ಟ ಬಟ್ಟಲಿಗೆ.

ಕೈಗೆ ಕೆಲಸ ಹಂಚುವುದು

ತರಗತಿ ಹಳಿ ತಪ್ಪುವುದು ಅಡುಗೆಯಿಂದಲ್ಲ, ಕಾಯುವುದರಿಂದ. ಒಬ್ಬ ಮಗು ಕಲೆಸುತ್ತಾ ಹತ್ತೊಂಬತ್ತು ಜನ ನೋಡುತ್ತಾ ಕುಳಿತರೆ ಐದನೇ ನಿಮಿಷಕ್ಕೆ ಗಲಾಟೆ. ಐದೈದು ಮಕ್ಕಳ ನಾಲ್ಕು ಗುಂಪು, ಚಾಕು ಅಥವಾ ತುರಿಮಣೆ ಇರುವ ಗುಂಪಿಗೆ ಕಡ್ಡಾಯವಾಗಿ ಒಬ್ಬ ದೊಡ್ಡವರು. ದೊಡ್ಡವರು ಒಬ್ಬರೇ ಇದ್ದರೆ ಒಂದು ಗುಂಪಷ್ಟೇ ಅಡುಗೆ ಮಾಡಲಿ, ಉಳಿದವರು ಚಿತ್ರ ಬರೆಯಲಿ, ಸರದಿ ಬದಲಾಗಲಿ. ಒಟ್ಟು ನಲವತ್ತು ನಿಮಿಷ, ತಿನ್ನುವುದೂ ಸೇರಿ.

ಮೂರು ವರ್ಷದವರು ಸೊಪ್ಪು ಹರಿಯಬಲ್ಲರು, ತೊಳೆಯಬಲ್ಲರು, ಬಾಳೆಹಣ್ಣು ಕಿವುಚಬಲ್ಲರು. ನಾಲ್ಕೈದರವರಿಗೆ ಮೊಂಡು ಊಟದ ಚಾಕು ಕೊಟ್ಟು ಬಾಳೆಹಣ್ಣು, ಬೇಯಿಸಿದ ಆಲೂಗೆಡ್ಡೆಯಂಥ ಮೆತ್ತನೆಯದನ್ನು ಕತ್ತರಿಸಲು ಬಿಡಬಹುದು, ನಿಂಬೆ ಹಿಂಡಿಸಬಹುದು. ಆರೇಳರವರು ಒಬ್ಬೊಬ್ಬರಾಗಿ, ದೊಡ್ಡವರ ಕಣ್ಣೆದುರು ಸಿಪ್ಪೆ ಹೆರೆಯುವುದು, ತುರಿಯುವುದು ಕಲಿಯುತ್ತಾರೆ. ತುರಿಯುವಾಗ ಕೊನೆಯ ಎರಡು ಬೆರಳಗಲ ಕ್ಯಾರೆಟ್ ಬಿಟ್ಟುಬಿಡಬೇಕು, ಬೆರಳು ತರಚುವುದು ಆ ಕೊನೆಯಲ್ಲೇ. ಅದನ್ನು ತಿಂದುಬಿಡಲಿ ಎಂದು ಎಳೆಯ ಮಕ್ಕಳ ಕೈಗೆ ಕೊಡಬೇಡಿ, ಹಸಿ ಕ್ಯಾರೆಟ್ಟಿನ ಗಟ್ಟಿ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಚಾಕುವಿಗೆ ಎರಡು ಹಿಡಿತ ಸಾಕು. ಒಂದು ಸೇತುವೆ: ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಹಣ್ಣನ್ನು ಹಿಡಿದು, ಚಾಕು ಸೇತುವೆಯ ಕೆಳಗೆ ಹಾಯುತ್ತದೆ. ಇನ್ನೊಂದು ಬೆಕ್ಕಿನ ಪಂಜ: ಬೆರಳ ತುದಿ ಒಳಕ್ಕೆ ಮಡಚಿ, ಗೆಣ್ಣು ಮುಂದಕ್ಕೆ. ಹೆಚ್ಚುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಜಾರುವುದಿಲ್ಲ. ಉರುಟಾದ ತರಕಾರಿಯನ್ನು ದೊಡ್ಡವರು ಮೊದಲೇ ಉದ್ದಕ್ಕೆ ಸೀಳಿ, ಚಪ್ಪಟೆ ಬದಿ ಕೆಳಗಾಗುವಂತೆ ಇಟ್ಟುಕೊಡಲಿ.

ಬಿಡಲೇಬಾರದ ಎಚ್ಚರಿಕೆ

ಒಂದು ವಾರ ಮುಂಚೆಯೇ ಬಳಸುವ ಪ್ರತಿಯೊಂದು ಪದಾರ್ಥದ ಹೆಸರು ಬರೆದು ಮನೆಯವರಿಗೆ ಕಳುಹಿಸಿ, ಅಲರ್ಜಿ ಇದೆಯೇ ಎಂದು ಲಿಖಿತ ಉತ್ತರ ಪಡೆಯಿರಿ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ–ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ–ಏಡಿ ಇವುಗಳ ಬಗ್ಗೆ ಹೆಸರು ಹಿಡಿದೇ ಕೇಳಿ. ಅಲರ್ಜಿ ಇರುವ ಒಂದು ಮಗು ಇದ್ದರೂ ಆ ಪದಾರ್ಥ ತರಗತಿಗೇ ಬೇಡ. ಆ ಮಗುವಿಗೆ ಬೇರೆ ತಟ್ಟೆ ಕೊಟ್ಟು ಮೂಲೆಯಲ್ಲಿ ಕೂರಿಸುವುದಕ್ಕಿಂತ ಎಲ್ಲರಿಗೂ ಬೇರೆ ಅಡುಗೆ ಆರಿಸುವುದೇ ಸರಿ.

ಇಡೀ ದ್ರಾಕ್ಷಿ, ಇಡೀ ಬೀಜಗಳು, ಪಾಪ್‌ಕಾರ್ನ್ ಐದು ವರ್ಷದೊಳಗಿನವರಿಗೆ ಕೊಡಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು, ಅಡ್ಡಕ್ಕೆ ಕತ್ತರಿಸಿದರೆ ಆ ಬಿಲ್ಲೆ ಉಸಿರುನಾಳಕ್ಕೆ ಬಿರಡೆಯಾಗಬಹುದು. ಎಲ್ಲರೂ ಕುಳಿತೇ ತಿನ್ನಬೇಕು. ಕೈತೊಳೆಯುವುದು ಸೋಪು ಹಚ್ಚಿ 20 ಸೆಕೆಂಡು, ಮೂಗು ಮುಟ್ಟಿದರೆ ಮತ್ತೆ ಮೊದಲಿನಿಂದ. ಹಸಿ ಹಿಟ್ಟನ್ನೂ ಹಸಿ ಮೊಟ್ಟೆಯ ಮಿಶ್ರಣವನ್ನೂ ನೆಕ್ಕಲು ಬಿಡಬೇಡಿ, ಬೇಯದ ಹಿಟ್ಟಿನಲ್ಲೂ ರೋಗಾಣು ಇರಬಲ್ಲದು. ಮಾಡಿದ ತಿನಿಸು ಎರಡು ಗಂಟೆಯೊಳಗೆ ಮುಗಿಯಬೇಕು, ಇಲ್ಲವೇ ಫ್ರಿಜ್ಜಿಗೆ ಹೋಗಬೇಕು. ಸಂಜೆ ಮನೆಗೆ ಕೊಟ್ಟು ಕಳುಹಿಸುವುದು ಬೇಡ.

“ನನಗೆ ಬೇಡ” ಎಂದಾಗ

ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸನ್ನು ದೂರ ತಳ್ಳುವುದು ಹಟವಲ್ಲ, ಬೆಳವಣಿಗೆಯ ಒಂದು ಘಟ್ಟ. ಹೊಸದನ್ನು ಮಗು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ ಎದುರಾಗಬೇಕಾಗಬಹುದು. ತೊಳೆದದ್ದು, ಹರಿದದ್ದು, ಮೂಸಿದ್ದು ಎಲ್ಲವೂ ಪರಿಚಯವೇ. ತರಗತಿಯ ಅಡುಗೆಯ ನಿಜವಾದ ಬಲ ಇಲ್ಲಿದೆ: ತಿನ್ನಲೇಬೇಕು ಎಂಬ ಒತ್ತಾಯವಿಲ್ಲದೆ ಮಗು ಒಂದೇ ತರಕಾರಿಯ ಜೊತೆ ಅರ್ಧ ಗಂಟೆ ಕಳೆಯುತ್ತದೆ.

ಹಾಗಾಗಿ ಮೆಟ್ಟಿಲು ಚಿಕ್ಕದಿರಲಿ. ನೋಡು, ಮುಟ್ಟು, ಮೂಸು, ನಾಲಿಗೆ ತುದಿಗೆ ತಾಗಿಸು, ಕಚ್ಚು. ಯಾವ ಮೆಟ್ಟಿಲಲ್ಲಿ ನಿಂತರೂ ಆ ದಿನಕ್ಕೆ ಅಷ್ಟೇ ಸಾಕು. ಉಗುಳಬೇಕೆನಿಸಿದರೆ ಕಾಗದದ ಕರವಸ್ತ್ರ ಪಕ್ಕದಲ್ಲಿರಲಿ, ಉಗುಳಬಹುದು ಎಂದು ಗೊತ್ತಿದ್ದರೆ ಕಚ್ಚುವ ಧೈರ್ಯ ಬರುತ್ತದೆ. “ಒಂದೇ ಒಂದು ತುತ್ತು ತಿಂದರೆ ಚಾಕಲೇಟು” ಎಂದಿರೋ, ತರಕಾರಿ ಶಿಕ್ಷೆ, ಚಾಕಲೇಟು ಬಹುಮಾನ ಎಂಬುದೇ ಆ ದಿನದ ಪಾಠವಾಗುತ್ತದೆ.

“ಇದು ಒಳ್ಳೆಯ ಆಹಾರ, ಅದು ಕೆಟ್ಟ ಆಹಾರ” ಎಂಬ ಮಾತನ್ನೂ ದೂರವಿಡಿ. ಕೆಟ್ಟದ್ದು ಎಂದದ್ದು ಕೆಲವರ ಮನೆಯ ಬುತ್ತಿಯಲ್ಲಿರುತ್ತದೆ, ಮಗು ಅದನ್ನು ತನ್ನ ಮನೆಗೆ ಬಂದ ಬೈಗುಳವೆಂದು ತಿಳಿಯುತ್ತದೆ. “ದಿನಾ ತಿನ್ನುವುದು”, “ಯಾವಾಗಲೋ ಒಮ್ಮೆ ತಿನ್ನುವುದು” ಎಂದರೆ ಕೆಲಸ ನಡೆಯುತ್ತದೆ. ಸಕ್ಕರೆಯ ಬಗ್ಗೆ ಹೇಳಲೇಬೇಕಿದ್ದರೆ ಹೆದರಿಸದೆ ಅಳೆದು ತೋರಿಸಿ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಚಹಾ ಚಮಚದ ಲೆಕ್ಕದಲ್ಲಿ ಒಂಬತ್ತರ ಹತ್ತಿರ. ಮಕ್ಕಳೇ ಒಂಬತ್ತು ಚಮಚ ಎಣಿಸಿ ಖಾಲಿ ಲೋಟಕ್ಕೆ ಹಾಕಲಿ, ನೀವು ಏನೂ ಹೇಳಬೇಕಿಲ್ಲ. ಶಿಕ್ಷಕರ ತಿಳಿವಳಿಕೆಗೆ: ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನದ ಶಕ್ತಿಯ ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 1,400 ಕಿಲೋಕ್ಯಾಲೊರಿ ಬೇಕಾದ ಮಗುವಿಗೆ ಆ ಮಿತಿ 35 ಗ್ರಾಂ, ಅಂದರೆ ಆ ಒಂದೇ ಡಬ್ಬಿ.

ಕಲಿತರೋ ಇಲ್ಲವೋ ಎಂದು ತಿಳಿಯಲು ಅಂದೇ ಪ್ರಶ್ನೆ ಕೇಳಬೇಡಿ, ಅಂದು ಎಲ್ಲರೂ ಸರಿಯಾಗೇ ಹೇಳುತ್ತಾರೆ. ಒಂದು ವಾರ ಬಿಟ್ಟು ಒಣ ಕಾಳು, ನೆನೆದ ಕಾಳು, ಮೊಳೆತ ಕಾಳು, ಬೆಂದ ಕಾಳು ನಾಲ್ಕು ಬಟ್ಟಲಲ್ಲಿಟ್ಟು ಸಾಲಾಗಿ ಜೋಡಿಸಲು ಹೇಳಿ, ಒಂದೊಂದನ್ನು ಎತ್ತಿ ತೋರಿಸಿ “ಇದರ ಬುತ್ತಿ ಎಲ್ಲಿ?” ಎಂದು ಕೇಳಿ. ನೆನೆದ ಕಾಳನ್ನು ಉಗುರಿನಲ್ಲಿ ಎರಡಾಗಿ ಬಿಡಿಸಿ ಒಳಗಿನ ದಪ್ಪನೆಯ ಬೇಳೆಯನ್ನು ತೋರಿಸುವ ಮಗುವಿಗೆ ಪ್ರೊಟೀನ್ ಎಂಬ ಹೆಸರನ್ನು ಈಗ ಹೇಳಿಕೊಡಬಹುದು.